ಇಂದಿನ ಧಮ್ಮ ಚಿಂತನೆ: ಹಳೇ ಫೋನಿನ ದಾನ



2020ರಲ್ಲಿ ಶಾಲೆ ಮುಚ್ಚಿ ಪಾಠವೆಲ್ಲ ಮೊಬೈಲಿಗೆ ಬಂದಾಗ, ಬೀರುವಿನಲ್ಲಿ ಬಿದ್ದಿದ್ದ ನನ್ನ ಹಳೇ ಫೋನನ್ನು ಚಾಂಪಿಯನ್ ರೀಫ್ಸ್‌ನ ಲೈನ್ ಮನೆಯ ವಿದ್ಯಾರ್ಥಿನಿಯೊಬ್ಬಳಿಗೆ ಕೊಟ್ಟೆ. ದಾನ ಮಾಡಿದೆನೆಂಬ ಹೆಮ್ಮೆಯೂ ಇತ್ತು. ವಾರದೊಳಗೆ ವಾಪಸ್ ತಂದಳು. "ಅರ್ಧ ಗಂಟೆ ಚಾರ್ಜ್ ನಿಲ್ಲಲ್ಲ ಸರ್. ರೀಚಾರ್ಜಿಗೂ ಮನೇಲಿ ದುಡ್ಡಿಲ್ಲ."

ಅಂಗುತ್ತರ ನಿಕಾಯದಲ್ಲಿ ಭಗವಾನರು ಸತ್ಪುರುಷನ ದಾನಕ್ಕೆ ಐದು ಲಕ್ಷಣ ಹೇಳುತ್ತಾರೆ. ಗೌರವದಿಂದ ಕೊಡುವುದು, ಕೈಯಾರೆ ಕೊಡುವುದು ಅದರಲ್ಲಿವೆ. ನನ್ನನ್ನು ಚುಚ್ಚಿದ್ದು ಇನ್ನೊಂದು, ಪಾಲಿಯಲ್ಲಿ 'ಅನಪವಿದ್ಧ': ಬಿಸಾಡುವಂಥದ್ದನ್ನು ಕೊಡದಿರುವುದು. ನಾನು ಕೊಟ್ಟದ್ದು ಬಿಸಾಡುವಂಥದ್ದೇ. ಬೀರು ಖಾಲಿಯಾಯಿತು, ಅಷ್ಟೆ.

1907ರಲ್ಲಿ ಪಂಡಿತ ಅಯೋತಿದಾಸರು ತಮ್ಮ ಪತ್ರಿಕೆಗೆ ಒಂದು ಪೈಸೆ ಬೆಲೆಯಿಟ್ಟರು. ಹೆಸರೇ 'ಒರು ಪೈಸಾ ತಮಿಳನ್'. ಬೆಲೆ ಕಡಿಮೆ, ಒಳಗಿನ ವಿಚಾರ ಮಾತ್ರ ಯಾರೋ ಓದಿ ಬಿಟ್ಟ ಹಳಸಲಲ್ಲ. ನಮ್ಮ ಗಣಿಯ ಹಿರಿಯರು ಅದನ್ನು ಓದಿದವರು.

ಅದೇ ಫೋನಿಗೆ ಹೊಸ ಬ್ಯಾಟರಿ ಹಾಕಿಸಿದೆ. ನನ್ನ ಫೋಟೋ, ಲೆಕ್ಕಗಳನ್ನೆಲ್ಲ ಅಳಿಸಿ, ಮೂರು ತಿಂಗಳ ರೀಚಾರ್ಜ್ ಮಾಡಿಸಿ ಅವರ ಮನೆಗೇ ಹೋಗಿ ಕೊಟ್ಟೆ. ಅವಳ ಅಮ್ಮ ಕೂರಿಸಿ ಟೀ ಕೊಟ್ಟರು.

ನಿಮ್ಮಲ್ಲಿ ಫೋನಿದ್ದರೆ ಭಾನುವಾರ ವಂದನೆಗೆ ಬರುವಾಗ ತನ್ನಿ. ಮೊದಲು ಒಂದು ದಿನ ನೀವೇ ಬಳಸಿ ನೋಡಿ. ಚಾರ್ಜರ್ ಮರೆಯಬೇಡಿ.