ಹಳೆಯ ಕಾರಿನ ಆಸನಕ್ಕೆ ಹೊಸ ಹೊದಿಕೆ

ಬಸ್ಸಿನಲ್ಲಿ ದೂರ ಪ್ರಯಾಣ ಮಾಡಿದವರಿಗೆಲ್ಲ ಒಂದು ಅನುಭವ ಉಂಟು. ಕೆಲವು ಆಸನಗಳ ಹೊದಿಕೆ ಹೊಸದಾಗಿ ಹೊಳೆಯುತ್ತಿದ್ದರೂ ಅವುಗಳ ಮೇಲೆ ಕುಳಿತ ಒಂದು ಗಂಟೆಯೊಳಗೆ ಬೆನ್ನು ನೋಯತೊಡಗುವುದು. ಹೊದಿಕೆ ಹರಿದ ಬೇರೆ ಕೆಲವು ಆಸನಗಳಾದರೋ ಹಿತವಾಗಿಯೇ ಇರುವುವು. ಹಾಗಾದರೆ ಆಸನದ ಸುಖ ಎಲ್ಲಿ ಅಡಗಿದೆ? ಹಳೆಯ ಕಾರೊಂದರ ಆಸನವನ್ನು ಬಿಚ್ಚಿ ನೋಡಿದರೆ ಇದಕ್ಕೆ ಉತ್ತರ ದೊರೆಯುವುದು.

ಇಂಗ್ಲೆಂಡಿನ ಅಬಿಂಗ್ಡನ್ ಪಟ್ಟಣದಲ್ಲಿ ೧೯೬೨ರಿಂದ ೧೯೮೦ರ ವರೆಗೆ ತಯಾರಾದ ಎಂ.ಜಿ.ಬಿ. ಎಂಬ ಕ್ರೀಡಾ ಕಾರನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಐದು ಲಕ್ಷಕ್ಕೂ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ಈ ಕಾರನ್ನು ಇಂದಿಗೂ ಅನೇಕರು ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಅವರೆಲ್ಲರೂ ಧನಿಕರಲ್ಲ. ಆಸನಗಳು ಬಿರುಕು ಬಿಟ್ಟು ಕುಸಿದಾಗ, ಇರುವ ಅಲ್ಪ ಹಣವನ್ನು ಮೊದಲು ಯಾವುದಕ್ಕೆ ವೆಚ್ಚ ಮಾಡಬೇಕೆಂಬ ಪ್ರಶ್ನೆ ಅವರನ್ನು ಕಾಡುತ್ತದೆ. ಈ ಪ್ರಶ್ನೆಗೆ ಭೌತಶಾಸ್ತ್ರವೇ ಉತ್ತರ ಹೇಳಬಲ್ಲುದು.

ಆಸನದಲ್ಲಿ ಮುಖ್ಯವಾಗಿ ನಾಲ್ಕು ಭಾಗಗಳಿವೆ. ಲೋಹದ ಚೌಕಟ್ಟು ಮೊದಲನೆಯದು. ಅದಕ್ಕೆ ಅಡ್ಡಲಾಗಿ ಎಳೆದು ಕಟ್ಟಿದ ರಬ್ಬರಿನ ಪಟ್ಟಿಗಳು ಅಥವಾ ಹಾಳೆ ಎರಡನೆಯದು. ಅದರ ಮೇಲೆ ಫೋಮಿನ ಮೆತ್ತೆ. ಎಲ್ಲಕ್ಕೂ ಮೇಲೆ ಚರ್ಮದ ಅಥವಾ ವಿನೈಲಿನ ಹೊದಿಕೆ. ಪಟ್ಟಿ, ಮೆತ್ತೆಗಳೆರಡೂ ಒಂದರ ಮೇಲೊಂದು ಇಟ್ಟ ಎರಡು ಸ್ಪ್ರಿಂಗುಗಳಿದ್ದಂತೆ. ಕುಳಿತವನ ಭಾರವನ್ನು ಎರಡೂ ಪೂರ್ಣವಾಗಿ ಹೊರುವುವು. ಎರಡರ ಕುಸಿತಗಳೂ ಒಂದಕ್ಕೊಂದು ಕೂಡುವುವು. ಪಟ್ಟಿ ೨.೫ ಸೆಂಟಿಮೀಟರ್, ಮೆತ್ತೆ ೧.೫ ಸೆಂಟಿಮೀಟರ್ ತಗ್ಗಿದರೆ ಒಟ್ಟು ಕುಸಿತ ೪ ಸೆಂಟಿಮೀಟರ್.

ಈ ಕುಸಿತದಿಂದ ಆಸನದ ಸ್ವಾಭಾವಿಕ ಕಂಪನಾಂಕವನ್ನು, ಎಂದರೆ ಒಂದು ಸೆಕೆಂಡಿನಲ್ಲಿ ಅದು ಎಷ್ಟು ಬಾರಿ ಮೇಲೆ ಕೆಳಗೆ ಆಡುವುದೆಂಬುದನ್ನು, ಸುಮಾರಾಗಿ ಲೆಕ್ಕ ಹಾಕಬಹುದು. ಕುಸಿತವನ್ನು ಸೆಂಟಿಮೀಟರುಗಳಲ್ಲಿ ಅಳೆದು, ಅದರ ವರ್ಗಮೂಲದಿಂದ ೫ನ್ನು ಭಾಗಿಸಿದರೆ ಸಾಕು. ಕುಸಿತ ೪ ಸೆಂಟಿಮೀಟರ್ ಆದರೆ ಕಂಪನಾಂಕ ೨.೫, ಕುಸಿತ ೧ ಸೆಂಟಿಮೀಟರ್ ಆದರೆ ಕಂಪನಾಂಕ ೫. ಹೂಕನ ನಿಯಮವನ್ನು ಫೋಮು ಕರಾರುವಾಕ್ಕಾಗಿ ಪಾಲಿಸುವುದಿಲ್ಲವಾದರೂ ಅಂದಾಜಿಗೆ ಈ ಲೆಕ್ಕ ಒದಗುವುದು.

ಕುಳಿತ ಮನುಷ್ಯನ ದೇಹವು ಸೆಕೆಂಡಿಗೆ ೪ರಿಂದ ೮ರಷ್ಟಿರುವ ಮೇಲು-ಕೆಳಗಿನ ಕಂಪನಗಳಿಗೆ ಬಹಳ ಬೇಗ ಬಳಲುವುದು. ಒಳ್ಳೆಯ ಆಸನದ ಕಂಪನಾಂಕ ಇದಕ್ಕಿಂತ ಕೆಳಗಿರಬೇಕು. ಜೋಲುಬಿದ್ದ ಪಟ್ಟಿಗಳ ಜಾಗದಲ್ಲಿ ಮರದ ಹಲಗೆಯೊಂದನ್ನು ಇಟ್ಟು, ಗಟ್ಟಿಯಾದ ಹಳೆಯ ಮೆತ್ತೆಯನ್ನೇ ಉಳಿಸಿಕೊಂಡು, ಮೇಲೆ ಬೆಲೆಬಾಳುವ ಚರ್ಮವನ್ನು ಹೊದಿಸಿದರೆ ಏನಾಗುವುದು? ಕುಸಿತ ೧ ಸೆಂಟಿಮೀಟರಿಗೆ ಇಳಿಯುವುದು, ಕಂಪನಾಂಕ ೫ಕ್ಕೆ ಏರುವುದು. ನೋಡುವ ಕಣ್ಣಿಗೆ ಆಸನ ಹೊಸದಾದರೂ ಕೂರುವ ಬೆನ್ನಿಗೆ ಶತ್ರುವಾಗುವುದು. ಆದುದರಿಂದ ಮೊದಲ ಹಣ ಪಟ್ಟಿಗೂ ಮೆತ್ತೆಗೂ ಸಲ್ಲಬೇಕು. ಹೊದಿಕೆಗಿಂತ ಇವುಗಳ ಬೆಲೆಯೂ ಕಡಮೆ.

ಈ ವಸ್ತುಗಳು ಕೆಡುವುದೇಕೆ? ರಬ್ಬರು ಗಾಳಿಯ ಆಮ್ಲಜನಕದೊಡನೆ ನಿಧಾನವಾಗಿ ಸಂಯೋಗ ಹೊಂದಿ ಬಿರುಸಾಗುವುದು. ೧೯೩೭ರಲ್ಲಿ ಜರ್ಮನಿಯ ಆಟೋ ಬೇಯರ್ ಮತ್ತು ಸಂಗಡಿಗರು ಶೋಧಿಸಿದ ಪಾಲಿಯುರಿಥೇನಿನ ರಸಾಯನದಿಂದ ಇಂದಿನ ಫೋಮು ಹುಟ್ಟಿತು. ತೇವವೂ ಬೆಳಕೂ ಅದನ್ನು ಪುಡಿಗಟ್ಟಿಸುವುವು. ವಿನೈಲು ಸ್ವಭಾವತಃ ಗಡುಸು. ೧೯೨೬ರಲ್ಲಿ ಅಮೆರಿಕದ ವಾಲ್ಡೋ ಸೀಮನ್ ಅದಕ್ಕೆ ಮೃದುಕಾರಕ ದ್ರವಗಳನ್ನು ಬೆರೆಸಿ ಬಾಗುವಂತೆ ಮಾಡಿದನು. ವರ್ಷಗಳು ಕಳೆದಂತೆ ಬಿಸಿಲಿಗೆ ಆ ದ್ರವ ಹೊರಗೆ ಹೋಗಿ ವಿನೈಲು ಮತ್ತೆ ಗಡುಸಾಗಿ ಒಡೆಯುವುದು. ಚರ್ಮವೂ ತನ್ನ ನಾರುಗಳ ನಡುವಣ ಎಣ್ಣೆ ಆರಿದಾಗ ಸೀಳುವುದು.

ಇನ್ನು ಹೊದಿಕೆಯ ಮಾತು. ಆಸನದ ಎಲ್ಲ ಭಾಗಕ್ಕೂ ಚರ್ಮ ಬೇಕಿಲ್ಲ. ಮೈ ತಾಗುವ ಕಡೆ ಚರ್ಮವನ್ನೂ ಪಕ್ಕಗಳಿಗೆ ಅದೇ ಬಣ್ಣದ ವಿನೈಲನ್ನೂ ಬಳಸಿದರೆ ವೆಚ್ಚ ಬಹಳ ತಗ್ಗುವುದು. ಹಳೆಯ ಹೊದಿಕೆಯನ್ನು ಎಂದಿಗೂ ಎಸೆಯಬಾರದು. ಅದೇ ನಮ್ಮ ನಕ್ಷೆ. ಬಿಚ್ಚುವ ಮೊದಲು ಚಿತ್ರ ತೆಗೆದುಕೊಂಡು, ಪ್ರತಿ ತುಂಡಿಗೂ ಸಂಖ್ಯೆ ಬರೆದು, ಹೊಲಿಗೆಯನ್ನು ಬಿಡಿಸಿ, ತುಂಡುಗಳನ್ನು ಕಾಗದದ ಮೇಲೆ ಹರವಿ ಗೆರೆ ಎಳೆಯಬೇಕು. ಹಳೆಯ ಬಟ್ಟೆ ಹಿಗ್ಗಿರುವುದರಿಂದ ಎದುರುಬದಿರಿನ ಎರಡು ತುಂಡುಗಳನ್ನು ಹೋಲಿಸಿ ನೋಡುವುದು ಲೇಸು. ವಿನೈಲು ಒಂದು ದಿಕ್ಕಿಗೆ ಹೆಚ್ಚು ಹಿಗ್ಗುವುದುಂಟು. ಕತ್ತರಿಸುವ ಮುನ್ನ ಎಳೆದು ನೋಡಿ ದಿಕ್ಕನ್ನು ಗುರುತಿಸಬೇಕು.

ಹೊಲಿಗೆ ಬಹಳ ಒತ್ತಾಗಿರಬಾರದು. ಅಂಚೆಚೀಟಿಗಳ ನಡುವಣ ರಂಧ್ರಸಾಲಿನಂತೆ ಸೂಜಿಯ ತೂತುಗಳೇ ಹರಿಯುವ ದಾರಿಯಾಗುವುವು. ಹೊದಿಕೆಯನ್ನು ತೊಡಿಸುವಾಗ ತುಸು ಹೊತ್ತು ಬಿಸಿಲಿನಲ್ಲಿಟ್ಟರೆ ವಿನೈಲು ಮೆತ್ತಗಾಗಿ ಸುಕ್ಕಿಲ್ಲದೆ ಕೂರುವುದು. ಆದರೆ ತಮಟೆಯಂತೆ ಬಿಗಿಯಬಾರದು. ಅತಿ ಬಿಗಿದ ಹೊದಿಕೆ ತಾನೇ ಭಾರ ಹೊತ್ತು ಮೆತ್ತೆಯನ್ನು ಕುಸಿಯಗೊಡದು. ಫೋಮಿಗೆ ಬೆಂಕಿ ಬೇಗ ಹತ್ತುವುದರಿಂದಲೂ ಅದರ ಹೊಗೆ ವಿಷಕಾರಿಯಾದುದರಿಂದಲೂ ಬೆಂಕಿಗೆ ತಡೆಯೊಡ್ಡುವ ಬಗೆಯದನ್ನೇ ಕೊಳ್ಳಬೇಕು. ಅಂಟನ್ನು ಬಯಲಿನಲ್ಲೇ ಬಳಸಬೇಕು. ಬಿಚ್ಚುವ, ಗುರುತಿಸುವ, ತೊಡಿಸುವ ಕೆಲಸಗಳನ್ನು ತಾನೇ ಮಾಡಿ, ಹೊಲಿಗೆಯನ್ನು ಮಾತ್ರ ಕುಷನ್ ಕೆಲಸದವರಿಗೆ ಒಪ್ಪಿಸಿದರೆ ಕೂಲಿಯೂ ಉಳಿಯುವುದು.

ವಿದ್ಯಾರ್ಥಿಗಳು ಇದನ್ನು ಕಾರಿಲ್ಲದೆಯೂ ಪರೀಕ್ಷಿಸಬಹುದು. ಮನೆಯಲ್ಲಿರುವ ಮೆತ್ತೆಯ ಕುರ್ಚಿಯ ಪಕ್ಕದಲ್ಲಿ ಅಳತೆಪಟ್ಟಿಯನ್ನು ನಿಲ್ಲಿಸಿ, ಒಬ್ಬರು ಕೂರುವ ಮೊದಲೂ ಕುಳಿತ ಮೇಲೂ ಆಸನದ ಎತ್ತರವನ್ನು ಗುರುತಿಸಿರಿ. ಬಂದ ಕುಸಿತದಿಂದ ಕಂಪನಾಂಕವನ್ನು ಲೆಕ್ಕ ಹಾಕಿರಿ. ಬಳಿಕ ಮೆತ್ತೆಯ ಕೆಳಗೆ ಹಲಗೆಯಿಟ್ಟು ಮತ್ತೊಮ್ಮೆ ಅಳೆಯಿರಿ. ಎರಡು ಸಂಖ್ಯೆಗಳಲ್ಲಿ ಯಾವುದು ೪ನ್ನು ಮೀರುವುದೆಂದು ನೋಡಿದರೆ, ದುಡ್ಡು ಮೊದಲು ಎಲ್ಲಿ ಸಲ್ಲಬೇಕೆಂಬುದನ್ನು ಕುರ್ಚಿಯೇ ತಿಳಿಸುವುದು.