ಗಬ್ಬದ ಕುರಿಯ ಕೊನೆಯ ಆರು ವಾರ: ಕುರಿಗಾರರಿಗೆ ಏಳು ಸೂತ್ರ

ತುಂಬಿದ ಗಬ್ಬದ ಕುರಿ ದಿಢೀರನೆ ಕುಸಿದರೆ ವಿಷದ ಮೇವು, ಹಾವು, ದೃಷ್ಟಿ ಎಂದೆಲ್ಲ ಅನುಮಾನ ಓಡುತ್ತದೆ. ಎಷ್ಟೋ ಸಲ ಅದು ಬರೀ ಹಸಿವು. ರಾಯಚೂರು, ದೇವದುರ್ಗ, ಮಾನ್ವಿ ಕಡೆಯ ಕುರಿಗಾರರು ಇದನ್ನು ತಡೆಯಬಹುದು, ಅದೂ ಕಡಿಮೆ ಖರ್ಚಿನಲ್ಲಿ.

1. ಟಗರು ಬಿಟ್ಟ ದಿನ ಬರೆದಿಡಿ. ಕುರಿಯ ಗಬ್ಬ ಸುಮಾರು 150 ದಿನ. ಮರಿಯ ಬೆಳವಣಿಗೆಯಲ್ಲಿ ಹೆಚ್ಚಿನ ಪಾಲು ಕೊನೆಯ ಆರು ವಾರದ್ದೇ. ಸಂಕ್ರಾಂತಿ ಹೊತ್ತಿಗೆ ಗಬ್ಬವಾದ ಕುರಿಗೆ ಆ ಆರು ವಾರ ಬರುವುದು ಮೇ ತಿಂಗಳಲ್ಲಿ, ಬಿಸಿಲು 40 ಡಿಗ್ರಿ ದಾಟಿ ಹೊಲದಲ್ಲಿ ಕಡ್ಡಿಯೂ ಸಿಗದ ಹೊತ್ತಿನಲ್ಲಿ.

2. ಕಣ್ಣು ನಂಬಬೇಡಿ, ಬೆನ್ನು ಮುಟ್ಟಿ. ಉಣ್ಣೆಯೊಳಗೆ ಏನಿದೆಯೋ ಗೊತ್ತಾಗದು. ಸೊಂಟದ ಮೇಲಿನ ಮೂಳೆ ಚೂಪಾಗಿ ಚುಚ್ಚಿದರೆ ಕುರಿ ಬಡವಾಗಿದೆ. ಒತ್ತಿದರೂ ಸಿಗದಿದ್ದರೆ ಕೊಬ್ಬಿದೆ. ಅಪಾಯ ಎರಡಕ್ಕೂ ಇದೆ. ಕೊಬ್ಬಿದೆಯೆಂದು ಈಗ ಮೇವು ಇಳಿಸುವುದಂತೂ ಸಲ್ಲ.

3. ಬೇರೆ ಮಾಡಿ ತಿನ್ನಿಸಿ. ಹಿಂಡಿನ ನೂಕಾಟದಲ್ಲಿ ಹೊಟ್ಟೆ ಭಾರದ ಕುರಿ ಹಿಂದೆ ಬೀಳುತ್ತದೆ. ದಿನಕ್ಕೆ 200–250 ಗ್ರಾಂ ಜೋಳ ಅಥವಾ ಮೆಕ್ಕೆಜೋಳದ ನುಚ್ಚು, ಹಿಂಡಿ ಸೇರಿಸಿ, ಸ್ವಲ್ಪಸ್ವಲ್ಪವೇ ಏರಿಸುತ್ತ ಕೊಡಿ. ಹೊಟ್ಟೆಗೆ ಸಾಲದಿದ್ದರೆ ಮೈಯ ಕೊಬ್ಬು ಕರಗಿ ಯಕೃತ್ತಿಗೆ ನುಗ್ಗುತ್ತದೆ, ರಕ್ತದಲ್ಲಿ ಕೀಟೋನ್ ಏರುತ್ತದೆ; ಅದೇ ಗರ್ಭನಂಜು. ನಮ್ಮ ಕೆಂಗುರಿ ಸಾಮಾನ್ಯವಾಗಿ ಒಂದೇ ಮರಿ ಹಾಕುತ್ತದೆ. ಅವಳಿಯ ಆಸೆಗೆ ನಾರಿ ಸುವರ್ಣ ತಳಿ ತಂದವರು ಮೇವನ್ನೂ ಅವಳಿ ಮರಿಗೆ ತಕ್ಕಂತೆ ಹೊಂದಿಸಲೇಬೇಕು.

4. ನಿಮ್ಮೂರಿನ ಮೇವಿನ ಗುಣ ಅರಿಯಿರಿ. ತುಂಗಭದ್ರಾ ಎಡದಂಡೆ ಕಾಲುವೆಯ ಮಾನ್ವಿಯಲ್ಲಿ ನೆಲ್ಲು ಕೊಯ್ದ ಗದ್ದೆಯೇ ಹುಲ್ಲುಗಾವಲು. ಆದರೆ ನೆಲ್ಲುಹುಲ್ಲಿನಲ್ಲಿ ಕಸುವು ಕಡಿಮೆ, ಅದರ ಆಕ್ಸಲೇಟ್ ಇರುವ ಕ್ಯಾಲ್ಸಿಯಂನ್ನೂ ಕಟ್ಟಿಹಾಕುತ್ತದೆ. ಅದರ ಮೇಲೆ ರೈಸ್‌ಮಿಲ್ಲಿನ ತೌಡನ್ನಷ್ಟೇ ಸುರಿದರೆ ರಂಜಕ ವಿಪರೀತ, ಕ್ಯಾಲ್ಸಿಯಂ ಮತ್ತೂ ಕೊರತೆ. ತೌಡು ಬೇಡವೆಂದಲ್ಲ, ಜೊತೆಗೆ ಖನಿಜ ಮಿಶ್ರಣ ಇರಲಿ. ದೇವದುರ್ಗದ ತೊಗರಿ ಹೊಟ್ಟು, ಶೇಂಗಾ ಬಳ್ಳಿ ನೆಲ್ಲುಹುಲ್ಲಿಗಿಂತ ಎಷ್ಟೋ ಮೇಲು. ರಾಶಿ ಮುಗಿದೊಡನೆ ಮಾರಿಬಿಡದೆ ಬೇಸಿಗೆಗೆ ಒಂದಿಷ್ಟು ಉಳಿಸಿಕೊಳ್ಳಿ. ರಾಯಚೂರು ನಗರದ ಅಂಚಿನಲ್ಲಿ ಸಾಕುವವರಿಗೆ ಒಂದು ಮಾತು: ಮದುವೆಮನೆ, ಹೋಟೆಲಿನ ಅನ್ನ ಪುಕ್ಕಟೆ ಸಿಕ್ಕಿತೆಂದು ರಾಶಿ ಹಾಕಬೇಡಿ. ಹೊಟ್ಟೆ ಹುಳಿಯೇರಿ ಕುರಿ ಸಾಯುತ್ತದೆ.

5. ಉಪವಾಸ ಬೇಡ. ದೂರದ ನಡಿಗೆ, ಲಾರಿ ಪಯಣ, ಉಣ್ಣೆ ಕತ್ತರಿಸುವುದನ್ನು ಈ ವಾರಗಳಲ್ಲಿ ಮುಂದೂಡಿ. ನೀರು, ನೆರಳು ಸದಾ ಇರಲಿ.

6. ಲಕ್ಷಣ ಬೇಗ ಹಿಡಿಯಿರಿ. ಗರ್ಭನಂಜಿನ ಕುರಿ ಹಿಂಡು ಬಿಟ್ಟು ಒಂಟಿಯಾಗಿ ನಿಲ್ಲುತ್ತದೆ. ಹಿಂಡಿ ಇಟ್ಟರೂ ಮೂಸದು, ಕಣ್ಣು ಕಾಣದಂತೆ ಗೋಡೆಗೆ ತಲೆ ಒತ್ತುತ್ತದೆ, ಹಲ್ಲು ಕಡಿಯುತ್ತದೆ. ಉಸಿರಿಗೆ ಸಿಹಿವಾಸನೆ ಇರಬಹುದು. ಕ್ಯಾಲ್ಸಿಯಂ ಕೊರತೆಯಾದರೆ ನಡುಕ, ತೂರಾಟ, ಬೇಗನೆ ನೆಲ ಹಿಡಿಯುವುದು. ವೈದ್ಯರು ಕ್ಯಾಲ್ಸಿಯಂ ಬೋರೋಗ್ಲುಕೋನೇಟ್ ಕೊಟ್ಟ ಸ್ವಲ್ಪ ಹೊತ್ತಿನಲ್ಲೇ ಎದ್ದರೆ ರೋಗ ಕ್ಯಾಲ್ಸಿಯಂ ಕೊರತೆಯೇ ಎಂದು ಬಹುಪಾಲು ಖಚಿತ. ಗರ್ಭನಂಜು ಅಷ್ಟು ಸುಲಭಕ್ಕೆ ಬಗ್ಗದು. ಕುರಿ ಎದ್ದು ಓಡಾಡುವಾಗಲೇ ಪಶು ಸಹಾಯವಾಣಿ 1962ಕ್ಕೆ ಕರೆಮಾಡಿ. ಪಶು ಸಂಜೀವಿನಿ ವಾಹನಕ್ಕೂ ಅದೇ ಸಂಖ್ಯೆ. ಪ್ರೊಪಿಲೀನ್ ಗ್ಲೈಕಾಲ್ ಕುಡಿಸುವುದು, ಗ್ಲೂಕೋಸ್ ಏರಿಸುವುದು, ಬೇಕಾದರೆ ಮರಿ ಬೇಗ ಹೊರತೆಗೆಯುವುದು ವೈದ್ಯರಿಗೆ ಬಿಟ್ಟದ್ದು. ನುಂಗಲಾಗದೆ ಮಲಗಿದ ಕುರಿಗೆ ಬೆಲ್ಲದ ನೀರು ಸುರಿದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

7. ಈದ ಮೇಲೂ ಕೈಬಿಡಬೇಡಿ. ಎರಡರಿಂದ ನಾಲ್ಕನೇ ವಾರ ಹಾಲಿನ ಏರುಕಾಲ, ಹಿಂಡಿ ನಿಲ್ಲಿಸುವಂತಿಲ್ಲ. ಒಣಮೇವಿನಿಂದ ಏಕಾಏಕಿ ಕಾಲುವೆ ಬದುವಿನ ಎಳೆ ಹಸಿರಿಗೆ ಬಿಟ್ಟರೆ ಮೆಗ್ನೀಸಿಯಂ ಕುಗ್ಗಿ ಸೆಟೆದು ಬೀಳುವುದುಂಟು. ಬೆಳಿಗ್ಗೆ ಒಂದಿಷ್ಟು ಕಣಕಿ ತಿನ್ನಿಸಿಯೇ ಹಸಿರಿಗೆ ಹೊಡೆಯಿರಿ.