ಕಡಲ ಸರಕಿಗೂ ಬೇಕು ದಾಸ್ತಾನು ಪುಸ್ತಕ

ಮಾರಾಟ ಏರುತ್ತಿದೆ ಎಂಬ ಒಂದೇ ಕಾರಣದಿಂದ ವ್ಯಾಪಾರ ಭದ್ರವಾಗಿದೆಯೆಂದು ಯಾವ ವರ್ತಕನೂ ಭಾವಿಸಲಾರ. ಗೋದಾಮಿನಲ್ಲಿ ಉಳಿದಿರುವ ಸರಕೆಷ್ಟು ಎಂಬುದೂ ತಿಳಿಯಬೇಕು. ಮುದಗಲ್ಲಿನ ಅಂಗಡಿಗೂ ಸಿಂಧನೂರಿನ ಅಕ್ಕಿ ಗಿರಣಿಗೂ ಅನ್ವಯಿಸುವ ಈ ಸೂತ್ರ ಕರಾವಳಿಯ ಚಿಪ್ಪುಮೀನಿನ ವ್ಯಾಪಾರಕ್ಕೂ ಅನ್ವಯಿಸುತ್ತದೆ. ಆದರೆ ಅಲ್ಲಿ ಸರಕು ನೀರಿನಡಿಯಲ್ಲಿದೆ, ಎಣಿಸುವುದು ಸುಲಭವಲ್ಲ.

ಕೇರಳದ ಕೊಲ್ಲಂ ಬಳಿಯ ಅಷ್ಟಮುಡಿ ಸರೋವರವನ್ನು ಗಮನಿಸಿರಿ. ವಿಯೆಟ್ನಾಂ, ಥಾಯ್ಲೆಂಡ್ ಮತ್ತು ಮಲೇಷ್ಯಾಗಳ ಬೇಡಿಕೆಯಿಂದ ಅಲ್ಲಿನ ಚಿಪ್ಪುಮೀನಿನ ಉತ್ಪತ್ತಿ 1991ರಲ್ಲಿ ಸುಮಾರು 10,000 ಟನ್ನಿಗೆ ಏರಿ, 1993ರ ವೇಳೆಗೆ ಅರ್ಧಕ್ಕೆ ಕುಸಿಯಿತು. ಮರಿಗಳನ್ನೂ ಬಿಡದೆ ಬಾಚುವುದೆಂದರೆ ಲಾಭವನ್ನಲ್ಲ, ಬಂಡವಾಳವನ್ನೇ ಕರಗಿಸುವುದು. ಅನಂತರ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಅಧ್ಯಯನಗಳ ಆಧಾರದ ಮೇಲೆ ಮೂರು ಕಟ್ಟುಪಾಡುಗಳು ಬಂದವು: ಡಿಸೆಂಬರಿನಿಂದ ಫೆಬ್ರವರಿಯವರೆಗೆ ಸಂತಾನೋತ್ಪತ್ತಿಗೆ ಬಿಡುವು, ಬಲೆಯ ಕಣ್ಣಿಗೆ ಕನಿಷ್ಠ ಅಳತೆ, ಮತ್ತು ಕಿಲೋಗೆ 1,400ಕ್ಕಿಂತ ಹೆಚ್ಚು ತೂಗುವಷ್ಟು ಸಣ್ಣ ಮಾಂಸದ ರಫ್ತಿಗೆ ತಡೆ. 2014ರಲ್ಲಿ ಇದು ಮೆರೈನ್ ಸ್ಟೀವರ್ಡ್‌ಶಿಪ್ ಕೌನ್ಸಿಲ್‌ನ ಪ್ರಮಾಣಪತ್ರ ಪಡೆದ ಭಾರತದ ಪ್ರಥಮ ಮೀನುಗಾರಿಕೆಯಾಯಿತು.

ಇಂತಹ ನಿಯಮಗಳಿಗೆ ನಿರಂತರ ಅಂಕಿ-ಅಂಶ ಬೇಕು. ಅದನ್ನು ಒದಗಿಸುವವರು ಯಾರು? ಅಮೆರಿಕದ ರೋಡ್ ಐಲೆಂಡ್ ಪ್ರಾಂತ್ಯದಲ್ಲಿ 2013ರಿಂದ ಮೀನುಗಾರರೇ ಈ ಹೊಣೆ ಹೊತ್ತರು. ಲಾಬ್‌ಸ್ಟರ್ ಎಂಬ ದೊಡ್ಡ ಕಡಲ ಸಿಗಡಿಯ ಉದ್ದ, ಗಂಡು-ಹೆಣ್ಣು, ಮೊಟ್ಟೆ ಇದೆಯೇ, ಚಿಪ್ಪು ಗಟ್ಟಿಯೇ ಎಂಬುದನ್ನು ದೋಣಿಯಲ್ಲೇ ಅಳೆದು ದಾಖಲಿಸತೊಡಗಿದರು. ಮರಳಿ ನೀರಿಗೆ ಬಿಟ್ಟವುಗಳ ಲೆಕ್ಕವೂ ಇದರಲ್ಲಿ ಸೇರುತ್ತದೆ. ಇದೇ ಮುಖ್ಯಾಂಶ. ಮಾರಾಟದ ಬಿಲ್ಲು ಇಂದಿನ ವಹಿವಾಟನ್ನು ತೋರಿಸುತ್ತದೆ. ಬಿಟ್ಟ ಮರಿಗಳ ಲೆಕ್ಕ ನಾಳಿನ ದಾಸ್ತಾನನ್ನು ಸೂಚಿಸುತ್ತದೆ.

ನಮ್ಮ ರಾಜ್ಯದ ಕುಮಟಾ ತಾಲ್ಲೂಕಿನ ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಬಳಚು ಆರಿಸಿ ಬದುಕುವ ಕುಟುಂಬಗಳಿವೆ. ಈ ಅಳಿವೆ 2024ರಲ್ಲಿ ರಾಮ್‌ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು. ಆರಿಸಿದ ದಿನ, ಸ್ಥಳ, ದುಡಿದ ಗಂಟೆ, ತೂಕ ಹಾಗೂ ಒಂದು ಹಿಡಿ ಮಾದರಿ ಚಿಪ್ಪುಗಳ ಅಳತೆ ಬರೆದಿಡಲು ಒಂದು ನೋಟ್‌ಬುಕ್ಕು, ಒಂದು ಅಳತೆಪಟ್ಟಿ ಸಾಕು. ಅದೇ ದುಡಿಮೆಗೆ ವರ್ಷದಿಂದ ವರ್ಷಕ್ಕೆ ಕಡಿಮೆ ಬಳಚು, ಅದೂ ಸಣ್ಣ ಗಾತ್ರದ್ದು ಸಿಗತೊಡಗಿದರೆ ಅದು ಎಚ್ಚರಿಕೆಯ ಗಂಟೆ. ಲೆಕ್ಕ ಕೈಯಲ್ಲಿದ್ದರೆ ಅಧಿಕಾರಿಗಳ ಮುಂದೆ ಅವರ ಮಾತಿಗೂ ತೂಕ ಬರುತ್ತದೆ.

ಇಲ್ಲಿ ಖರೀದಿದಾರನ ಪಾತ್ರವೂ ಹಿರಿದು. ಸಣ್ಣ ಸರಕಿಗೆ ಬೆಲೆಯೇ ಇಲ್ಲವೆಂದಾದರೆ ಅದನ್ನು ಹಿಡಿಯುವವರಿಲ್ಲ. ನೆಲದ ಸರಕಾಗಲಿ, ನೀರಿನ ಸರಕಾಗಲಿ, ಮೂಲದ ಲೆಕ್ಕ ಕೇಳಿ ಕೊಳ್ಳುವ ವರ್ತಕ ತನ್ನ ಮುಂದಿನ ವರ್ಷದ ವ್ಯಾಪಾರವನ್ನೇ ಕಾಯ್ದುಕೊಳ್ಳುತ್ತಾನೆ.